ಹೆಲ್ಮೆಟ್ ತಿರುಗಿ ಬರುವ ತನಕ

ಹೆಲ್ಮೆಟ್ಟಿಗೂ ಒಂದು ಹಾರ ಹಾಕಿದ್ದರು.

ಅದನ್ನು ಕಂಡು ಶೈಲಜಾ ಭವನದ ಬಾಗಿಲಲ್ಲೇ ನಿಂತಳು. ವೇದಿಕೆಯ ನಡುವೆ ಮೇಜು, ಅದರ ಮೇಲೆ ಬಿಳಿ ಬಟ್ಟೆ, ಬಟ್ಟೆಯ ಮೇಲೆ ಗಂಡನ ಫೋಟೊ. ಯಾವುದೋ ಗುರುತಿನ ಚೀಟಿಗೆ ತೆಗೆಸಿದ್ದ ಹಳೆಯ ಫೋಟೊವನ್ನು ಎಲ್ಲಿಂದಲೋ ಹುಡುಕಿ ದೊಡ್ಡದು ಮಾಡಿಸಿದ್ದರು. ಅದರಲ್ಲಿ ಅವನು ನಕ್ಕಿರಲಿಲ್ಲ. ಹೊಸಪೇಟೆ, ಸಂಡೂರು, ಕಂಪ್ಲಿಯ ಜನರನ್ನು ಇಷ್ಟು ವರ್ಷ ನಗಿಸಿದವನ ನಗದ ಫೋಟೊ ಅದೊಂದೇ ಇತ್ತೇನೋ, ಅದೇ ಇವರ ಕೈಗೆ ಸಿಕ್ಕಿತ್ತು. ಪಕ್ಕದಲ್ಲಿ ಅವನ ಹಳದಿ ಗಣಿ ಹೆಲ್ಮೆಟ್ಟು, ಬೋರಲಾಗಿ, ಸೇವಂತಿಗೆ ಹಾರದೊಳಗೆ ಕೂತಿತ್ತು.

"ಬೋರಲು ಹಾಕ್ಯಾರ ನೋಡು," ಎಂದಳು ಅತ್ತೆ ಮರುಳಸಿದ್ದಮ್ಮ, ಬಸ್ಸಿನ ಧೂಳನ್ನು ಸೆರಗಿನಿಂದ ಒರೆಸಿಕೊಳ್ಳುತ್ತಾ. "ನನ್ನ ಮಗ ಅದನ್ನ ಯಾವತ್ತರ ಬೋರಲು ಇಟ್ಟಿದ್ನೇನು?"

ಎರಡು ತಿಂಗಳ ಹಿಂದೆ ಸಂಡೂರಿನ ಇದೇ ಭವನದ ಇದೇ ವೇದಿಕೆಯ ಮೇಲೆ ಸಿದ್ದಲಿಂಗೇಶ್ ತೀರಿಹೋಗಿದ್ದ. ಇವತ್ತು ಅವನ ನುಡಿನಮನ.

ಮಲ್ಲಿಕಾರ್ಜುನ್ ಕೈ ಮುಗಿಯುತ್ತಾ ಬಂದರು. ಅದಿರಿನ ಲಾರಿಗಳ ಮಾಲೀಕರು, ಉಸಿರಾಟದ ಯಂತ್ರ ಹಂಚುವ ಉಸಿರು ಸಮಿತಿಯ ಅಧ್ಯಕ್ಷರು. "ಬರ್ರಿ ಬರ್ರಿ. ಅವ್ವಾರ, ನೀವೂ ಬಂದ್ರಲ್ಲ, ಭಾಳ ಚಲೋ ಆತು." ಅವರ ಕಣ್ಣು ಒಂದು ಗಳಿಗೆ ಶೈಲಜಾಳ ನೀಲಿ ಸೀರೆಯ ಮೇಲೆ ನಿಂತು ಸರಿಯಿತು. ಫೋನಿನಲ್ಲಿ ಅವರು ಸುತ್ತಿ ಬಳಸಿ ಬಿಳಿ ಸೀರೆಯ ಮಾತು ತೆಗೆದಿದ್ದರು. ಅವಳು ತಿಳಿಯದವಳಂತೆ ಇದ್ದುಬಿಟ್ಟಿದ್ದಳು.

"ಮೊದಲು ದೀಪ, ಆಮ್ಯಾಲ ಮೌನ, ಆಮ್ಯಾಲ ಹಿರ್ಯಾರ ನಾಕು ಮಾತು. ಕಡೀಕೆ ದಾನಿಗಳ ಹೆಸರು ಕರೀತೀವಿ. ಒಬ್ಬೊಬ್ರಾಗಿ ಬಂದು ನಿಮ್ಮ ಕೈಯಾಗ ಲಕೋಟಿ ಕೊಡ್ತಾರ. ನೀವು ಕೈ ಮುಗೀರಿ, ಅಷ್ಟ. ಮಾತೇನೂ ಬ್ಯಾಡ."

"ಹೆಲ್ಮೆಟ್ ಮಂದ್ಯಾಗ ತಿರುಗಂಗಿಲ್ಲೇನ್ರಿ?" ಶೈಲಜಾ ಕೇಳಿದಳು.

"ಅದು ಸಿದ್ದಣ್ಣನ ನೆನಪಲ್ರಿ. ಪೂಜಾಕ ಇಟ್ಟೀವಿ." ಅವರು ದನಿ ತಗ್ಗಿಸಿದರು. "ಒಂದು ಮಾತು ತಂಗೆವ್ವ, ಬ್ಯಾಸರ ಮಾಡ್ಕೋಬ್ಯಾಡ್ರಿ. ಅಳು ಬಂದ್ರ ತಡೀಬ್ಯಾಡ್ರಿ. ಬರ್ಲಿ. ನೀವು ಮಂದಿ ಮುಂದ ಎರಡು ಹನಿ ಕಣ್ಣೀರು ಹಾಕಿದ್ರ ಇನ್ನೂ ಎರಡು ಮಷಿನ್ ಬರ್ತಾವ. ಖರೇ ಹೇಳ್ತೀನಿ. ಎಷ್ಟು ಮಂದಿ ಕಾಯಾಕತ್ತಾರ ಗೊತ್ತೈತಿಲ್ಲ?"

ಗೊತ್ತಿತ್ತು. ಮಲ್ಲಿಕಾರ್ಜುನ್ ಕೆಟ್ಟವರೂ ಅಲ್ಲ. ಉಸಿರಾಟದ ಯಂತ್ರವನ್ನು ತಮ್ಮ ಜೀಪಿನಲ್ಲೇ ಹಾಕಿಕೊಂಡು ಹಳ್ಳಿಯ ಮನೆಗಳಿಗೆ ಮುಟ್ಟಿಸಿ ಬರುತ್ತಿದ್ದ ಮನುಷ್ಯ. ಅದಕ್ಕೇ ಆ ಮಾತಿಗೆ ಅವಳಲ್ಲಿ ಸಿಟ್ಟು ಕೂಡ ಏಳಲಿಲ್ಲ. ಅಳುವೂ ಇರಲಿಲ್ಲ. ಗಂಡ ಸತ್ತ ದಿನದಿಂದ ಅವಳು ಅತ್ತಿರಲಿಲ್ಲ. ಮಣ್ಣಿಗೆ ಬಂದ ಹೆಂಗಸರು ಅದನ್ನು ಗಮನಿಸಿದ್ದರು, ಆಡಿಕೊಂಡೂ ಇದ್ದರು.

"ಅತ್ತು ಕೇಳಬಾರದು ಶೈಲಾ," ಎನ್ನುತ್ತಿದ್ದ ಸಿದ್ದಲಿಂಗೇಶ್. "ಅತ್ತು ಕೇಳಿದ್ರ ಒಂದ್ಸಲ ಕೊಡ್ತಾರ. ಆಮ್ಯಾಲ ನಮ್ಮನ್ನ ಕಂಡ್ರ ಸಂದಿ ಹಿಡಿದು ಹೋಗ್ತಾರ. ನಗಿಸಿ ಕೇಳು, ಮುಂದಿನ ವರ್ಷ ಅವರಾಗಿ ಫೋನ್ ಮಾಡಿ ಕರೀತಾರ."

ಅವನು ಎಮ್ಮಿಗನೂರಿನವನು. ಅವನಪ್ಪ ಗದ್ದೆ ಬಿಟ್ಟು ಸಂಡೂರಿನ ಗಣಿಗೆ ಬಂದಿದ್ದ; ಹೆಲ್ಮೆಟ್ಟು ಆ ಅಪ್ಪನದು. ಮಗ ಅದೇ ಗಣಿಯಲ್ಲಿ ಲಾರಿ ತೂಗುವ ಕಡೆ ಕೆಲಸಕ್ಕಿದ್ದ. ಗಣಿ ನಿಂತ ವರ್ಷ ಕೆಲಸ ಹೋಯಿತು. ಡ್ರೈವರುಗಳ ಜಗಳವನ್ನೂ ಲಾರಿಯ ಹಾರ್ನನ್ನೂ ಸಾಹೇಬರ ಇಂಗ್ಲಿಷನ್ನೂ ಅಣಕಿಸುವ ಚಟವೊಂದು ಮಾತ್ರ ಕೈಯಲ್ಲಿ ಉಳಿಯಿತು. ಮೊದಮೊದಲು ಆರ್ಕೆಸ್ಟ್ರಾದಲ್ಲಿ ಎರಡು ಹಾಡುಗಳ ನಡುವೆ ಸ್ವಲ್ಪ ಹೊತ್ತು. ಆಮೇಲೆ ಗಣೇಶನ ಪೆಂಡಾಲು, ಕಾಲೇಜಿನ ಗ್ಯಾದರಿಂಗು, ಮದುವೆಯ ಹಿಂದಿನ ಸಂಜೆ. ಬರುಬರುತ್ತಾ ಇಡೀ ಕಾರ್ಯಕ್ರಮ ಅವನೊಬ್ಬನದೇ. ಜೊತೆಗೆ ಒಬ್ಬನೇ ಒಬ್ಬ, ರಿದಂ ಪ್ಯಾಡಿನ ಮುಂದೆ ಕೂತ ಓಬಳೇಶ. ಸಿದ್ದಲಿಂಗೇಶ್ ವೇದಿಕೆಯ ಮೇಲೆ ಎಡವಿ ಬಿದ್ದರೆ ಓಬಳೇಶನ ಕೈ ತಾನಾಗಿಯೇ ಪ್ಯಾಡಿನ ಮೇಲೆ ಬೀಳುತ್ತಿತ್ತು. ಡುಂ, ಟಿಸ್. ಜನ ನಗುತ್ತಿದ್ದರು. ಅವನು ಪ್ರತಿ ಕಾರ್ಯಕ್ರಮದಲ್ಲೂ ಬೀಳುತ್ತಿದ್ದ.

ಅಪ್ಪ ಕೊನೆಗಾಲದಲ್ಲಿ ಉಸಿರಿಗಾಗಿ ಒದ್ದಾಡಿದ. ಬಳ್ಳಾರಿಯಿಂದ ಬಾಡಿಗೆಯ ಯಂತ್ರ ಮನೆ ಬಾಗಿಲಿಗೆ ಬಂದಾಗ ಅವನು ಉಳಿದಿರಲಿಲ್ಲ. ಆ ಯಂತ್ರವನ್ನು ವಾಪಸು ಕಳಿಸುವಾಗ ಸಿದ್ದಲಿಂಗೇಶ್ ಅದರ ಬೆಲೆ ಕೇಳಿಕೊಂಡ. ಅಂದಿನಿಂದ ಹೆಲ್ಮೆಟ್ಟು ಅವನ ಜೊತೆ ವೇದಿಕೆ ಏರಿತು. ಅವನ ಪದ್ಧತಿ ಎಲ್ಲರಿಗೂ ಗೊತ್ತಿದ್ದದ್ದೇ. ಕೊನೆಯ ಕಥೆಯನ್ನು ಏರಿಸಿ ಏರಿಸಿ, ಇನ್ನೇನು ನಗು ಸಿಡಿಯಬೇಕು ಎನ್ನುವಲ್ಲಿ ನಿಲ್ಲಿಸಿಬಿಡುವನು. "ಮುಂದಿಂದು ಹೆಲ್ಮೆಟ್ ತಿರುಗಿ ಬಂದ ಮ್ಯಾಲ," ಎಂದು ಹೆಲ್ಮೆಟ್ಟನ್ನು ಅಂಗಾತ ಮಾಡಿ ಮುಂದಿನ ಸಾಲಿಗೆ ಕೊಟ್ಟು, ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತು ಚಹಾ ಕುಡಿಯುವನು. ಜನ ಬೈಯುವರು, ಶಿಳ್ಳೆ ಹೊಡೆಯುವರು, ಕಥೆಯ ಆಸೆಗೆ ಹೆಲ್ಮೆಟ್ಟನ್ನು ಜಲ್ದಿ ಜಲ್ದಿ ದಾಟಿಸುವರು. ಕಂಪ್ಲಿಯಲ್ಲಿ ಒಮ್ಮೆ ಒಬ್ಬ ಅಕ್ಕಿ ಗಿರಣಿಯ ಯಜಮಾನರು ಏನೂ ಹಾಕದೆ ಮುಂದೆ ಕಳಿಸಿದಾಗ ಹಿಂದಿನ ಸಾಲಿನವರು ಅದನ್ನು ಮತ್ತೆ ಅವರ ತೊಡೆಯ ಮೇಲೇ ತಂದಿಟ್ಟಿದ್ದರು. ಹೀಗೆ ಕೊಂಡ ಯಂತ್ರಗಳು ಈ ಸುತ್ತಿನ ಎಷ್ಟೋ ಮನೆಗಳ ಮಂಚದ ಪಕ್ಕದಲ್ಲಿ ಬಾಡಿಗೆಯಿಲ್ಲದೆ ಗುಯ್‌ಗುಡುತ್ತಿದ್ದವು.

ಅವನ ಕಥೆಗಳಲ್ಲಿ ಅವ್ವನಿದ್ದಳು, ಹೆಂಡತಿಯಿದ್ದಳು. ಶೈಲಜಾ ಹಂಪಿಯಲ್ಲಿ ಎಂಎ ಓದಿದವಳು, ಹೊಸಪೇಟೆಯ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ವೇದಿಕೆಯ ಮೇಲೆ ಅವಳು 'ನಮ್ಮ ಎಂಎ ಮೇಡಂ' ಆಗುತ್ತಿದ್ದಳು. "ಬ್ಯಾರೆ ಮನ್ಯಾಗ ಸಾರು ಉಪ್ಪಾದ್ರ ತಪ್ಪಾತು ಅಂತಾರ್ರಿ. ನಮ್ಮ ಮನ್ಯಾಗ ಅಡಿಟಿಪ್ಪಣಿ ಕೊಡ್ತಾರ." ಮದುವೆಯಾದ ಹೊಸದರಲ್ಲಿ ಒಂದೇ ಒಂದು ಸಲ ಹೋಗಿ, ತನ್ನ ಗೊರಕೆಯ ಕಥೆ ಶುರುವಾದದ್ದೇ ಅವಳು ಎದ್ದು ಬಂದಿದ್ದಳು. ಆಮೇಲೆ ಹೋಗಲಿಲ್ಲ. ಆದರೆ ಹೊಸ ಕಥೆಗಳನ್ನೆಲ್ಲ ಅವನು ಮೊದಲು ಅವಳಿಗೇ ಹೇಳುತ್ತಿದ್ದ, ಅವಳು ರೊಟ್ಟಿ ಬಡಿಯುವಾಗ, ಒಲೆಯ ಪಕ್ಕದ ಕಟ್ಟೆಯ ಮೇಲೆ ಕೂತು. ಅವಳು ನಕ್ಕರೆ ಅವನ ಮುಖ ಸಣ್ಣದಾಗುತ್ತಿತ್ತು. "ಇದು ನಡ್ಯಂಗಿಲ್ಲ. ನೀ ನಕ್ಕದ್ದಕ್ಕ ಮಂದಿ ನಗಂಗಿಲ್ಲ." ಅವಳು ಹುಬ್ಬು ಗಂಟು ಹಾಕಿ ಸೌಟು ಎತ್ತಿದರೆ ಮಾತ್ರ ಕಥೆ ಪಾಸು.

ಕೊನೆಯ ಕಥೆಯನ್ನು ಅವನು ಅವಳಿಗೆ ಹೇಳಿರಲಿಲ್ಲ. ಯಾರದೋ ಮೊಬೈಲಿನಿಂದ ಹರಿದಾಡಿದ ವಿಡಿಯೊದಲ್ಲಿ ನೋಡಿದಳು.

"ಹಂಪ್ಯಾಗ ತೆಪ್ಪ ಹತ್ತಿದಿವ್ರಿ. ನಾನು, ನಮ್ಮವ್ವ, ನಮ್ಮ ಎಂಎ ಮೇಡಂ. ನಡು ಹೊಳ್ಯಾಗ ತೆಪ್ಪ ಗಿರ್ರಂತ ತಿರುಗಾಕ ಹತ್ತಿತು. ತೆಪ್ಪದಾಂವ ಅಂದ, 'ಅಣ್ಣಾ, ಭಾರ ಭಾಳ ಆತು. ಒಬ್ರು ಇಳೀಬೇಕು.' ಅವ್ವನ ಕಡೆ ನೋಡಿದೆ. ಅಕಿ ದೇವರನ್ನ ನೆನೆಸಾಕತ್ತಿದ್ಲು. ಮೇಡಂ ಕಡೆ ನೋಡಿದೆ. ಹೊಳಿ ಎಷ್ಟು ಆಳ ಐತಿ, ಅದಕ್ಕ ಆಧಾರ ಏನು ಅಂತ ಅಕಿ ತೆಪ್ಪದಾಂವನ್ನ ಕೇಳಾಕತ್ತಿದ್ಲು. ನಾ ಎದ್ದು ನಿಂತೆ. ಹಿಂಗ ಬಟ್ಟು ಮಾಡಿ..."

ಚಾಚಿದ ಬೆರಳು ಗಾಳಿಯಲ್ಲೇ ನಿಂತಿತು. ಮುಂದಿನದು ಹೆಲ್ಮೆಟ್ ತಿರುಗಿ ಬಂದ ಮೇಲೆ. ಜನ ಎದ್ದೆದ್ದು ಕೂಗಿದರು. "ಅವ್ವನ್ನ ಇಳಿಸಬ್ಯಾಡ್ರೀ!" "ಮೇಡಂಗ ಈಜು ಬರ್ತೈತೇನ್ ಕೇಳ್ರಲೇ!" ಅವನು ನಗುತ್ತಾ ಕೆಂಪು ಕುರ್ಚಿಯಲ್ಲಿ ಕೂತ. ಚಹಾದ ಲೋಟ ಕೈಯಿಂದ ಬಿತ್ತು. ಆಮೇಲೆ ಅವನು ಕುರ್ಚಿಯಿಂದ ಜಾರಿ ನೆಲಕ್ಕೆ ಬಂದ.

ಡುಂ, ಟಿಸ್.

ಇಡೀ ಭವನ ನಕ್ಕಿತು. ಶಿಳ್ಳೆ ಬಿದ್ದವು. ಮುಂದಿನ ಸಾಲಿನ ಯಾರೋ ಎದ್ದು ವೇದಿಕೆಗೆ ಓಡುವಾಗಲೂ ಹಿಂದಿನವರು ಚಪ್ಪಾಳೆ ತಟ್ಟುತ್ತಿದ್ದರು. ಹೃದಯ ನಿಂತಿತ್ತು ಎಂದರು ವೈದ್ಯರು. ಸಂಡೂರಿನ ಜನ ಆ ನಗುವನ್ನು ನುಂಗಲಾರದೆ, ಉಗುಳಲಾರದೆ ಉಳಿದರು. ಅವರಲ್ಲಿ ಮಣ್ಣಿಗೆ ಬಂದವರೂ ಅವಳ ಮುಖ ನೋಡಲಿಲ್ಲ. ಓಬಳೇಶ ಪ್ಯಾಡನ್ನು ಗೋಣಿಚೀಲದಲ್ಲಿ ಕಟ್ಟಿ ಅಟ್ಟಕ್ಕೆ ಹಾಕಿದ.

ಮನೆಯಲ್ಲಿ ಉಳಿದದ್ದು ಬೇರೆಯೇ. ಒಂದು ಬೆಳಿಗ್ಗೆ ಅಕ್ಕಿ ಆರಿಸುತ್ತಿದ್ದ ಅತ್ತೆ ಮೊರದಿಂದ ತಲೆ ಎತ್ತದೆ ಕೇಳಿದ್ದಳು.

"ಶೈಲಾ, ಅಂವ ಯಾರನ್ನ ಇಳಿಸ್ತಿದ್ದ?"

"ಎಲ್ಲಿಂದ್ರಿ ಅತ್ತಿ?"

"ತೆಪ್ಪದಿಂದ."

"ನನ್ನ ಮುಂದ ಹೇಳಿರಲಿಲ್ರಿ."

"ನನ್ನನ್ನ ಇಳಿಸ್ತಿದ್ನೇನು?"

"ಛೇ, ಬಿಡ್ರಿ ಅತ್ತಿ."

"ಹಂಗಾರ ನಿನ್ನನ್ನ ಇಳಿಸ್ತಿದ್ನೇನು?"

ಅಂದಿನಿಂದ ಆ ಪ್ರಶ್ನೆ ಮನೆಯಲ್ಲಿ ಮೂರನೆಯ ಆಳಿನ ಹಾಗೆ ಉಳಿದುಕೊಂಡಿತು. ಅತ್ತೆ ಒಂದು ತುತ್ತು ಹೆಚ್ಚು ಬಡಿಸಿದರೆ, ಸೊಸೆ ಒಂದು ಮಾತು ಕಡಿಮೆ ಆಡಿದರೆ, ಅದು ಮೂಲೆಯಿಂದ ಎದ್ದು ಬಂದು ನಡುವೆ ಕೂರುತ್ತಿತ್ತು.

ದೀಪ ಹಚ್ಚಿದರು. ಮೌನ ಮುಗಿಯಿತು. ಹಿರಿಯರೊಬ್ಬರು ಮೈಕು ಹಿಡಿದು, "ಎಲ್ಲರನ್ನೂ ನಗಿಸಿದ ಕಲಾವಿದ ಇಂದು ಎಲ್ಲರನ್ನೂ ಅಳಿಸಿ ಹೋದರು," ಎಂದಾಗ ಹೆಂಗಸರ ಕಡೆ ಮೂಗೆಳೆಯುವ ಸದ್ದಾಯಿತು. ಸಭೆಯ ಕಣ್ಣುಗಳೆಲ್ಲ ಒಂದು ಸಲ ಶೈಲಜಾಳ ಮುಖಕ್ಕೆ ಬಂದು ಹೋದವು. ಅವಳು ವೇದಿಕೆಯ ಅಂಚಿನಲ್ಲಿ ಕೂತಿದ್ದಳು. ಫೋಟೊದ ಹಿಂದೆ ಅದೇ ಕೆಂಪು ಪ್ಲಾಸ್ಟಿಕ್ ಕುರ್ಚಿ ಇತ್ತು. ಯಾರಿಗೂ ಅದರಲ್ಲಿ ಕೂರಲು ಮನಸ್ಸಾಗದೆ ಹಿಂದಕ್ಕೆ ಸರಿಸಿದ್ದರು. ಮುಂದಿನ ಸಾಲಿನಲ್ಲಿ ಅತ್ತೆ. ಬಾಗಿಲ ಕಂಬಕ್ಕೆ ಒರಗಿ, ಒಳಗೂ ಬಾರದೆ ಹೊರಗೂ ಹೋಗದೆ ಓಬಳೇಶ.

"ಈಗ ದಾನಿಗಳಾದ ಶ್ರೀ ಈಶ್ವರ್ ಅವರು ವೇದಿಕೆಗೆ ಬರಬೇಕು," ಎಂದರು ಮಲ್ಲಿಕಾರ್ಜುನ್. "ನಮ್ಮ ಸಿದ್ದಣ್ಣನ ಧರ್ಮಪತ್ನಿಯವರ ಕೈಗೆ ತಮ್ಮ ಕಾಣಿಕೆ ಕೊಡಬೇಕು."

ಹೋಟೆಲಿನ ಈಶ್ವರ್ ಇಸ್ತ್ರಿ ಮಾಡಿದ ಅಂಗಿಯಲ್ಲಿ ಮೆಟ್ಟಿಲು ಹತ್ತಿ ಬಂದು ಲಕೋಟೆ ಚಾಚಿದರು. ಫೋಟೊದವನು ಕ್ಯಾಮೆರಾ ಎತ್ತಿದ. "ಅಮ್ಮಾ, ಸ್ವಲ್ಪ ಈ ಕಡೆ. ಮುಖ ಒಂಚೂರು ಕೆಳಗ. ಹಾಂ. ಇನ್ನೂ ಸ್ವಲ್ಪ ದುಃಖದಾಗ ಇರ್ಲಿ."

ಶೈಲಜಾ ಅವನನ್ನೇ ನೋಡಿದಳು. ಎರಡು ತಿಂಗಳಿಂದ ಮರಗಟ್ಟಿದ್ದ ಒಳಗಿನ ಏನೋ ಒಂದು ಮಿಸುಕಿತು. ಅದು ಅಳುವಾಗಿರಲಿಲ್ಲ. ಅವಳು ಎದ್ದು ಮೇಜಿನ ಬಳಿ ಹೋದಳು. ಹೆಲ್ಮೆಟ್ಟಿನ ಹಾರ ತೆಗೆದು ಫೋಟೊಗೆ ಹಾಕಿದಳು. ಹೆಲ್ಮೆಟ್ಟನ್ನು ಅಂಗಾತ ಮಾಡಿ ಕಂಕುಳಲ್ಲಿ ಇಟ್ಟುಕೊಂಡು ಮೈಕಿನ ಮುಂದೆ ಬಂದು ನಿಂತಳು.

"ತಂಗೆವ್ವ," ಮಲ್ಲಿಕಾರ್ಜುನ್ ಪಿಸುಗುಟ್ಟಿದರು, "ಮಾತು ಬ್ಯಾಡ ಅಂತ ಅಂದಿದ್ವಿ..."

"ನೀವು ಅಂದಿದ್ರಿ. ನಾ ಅಂದಿರಲಿಲ್ರಿ." ಮೈಕು ಅದನ್ನೂ ಸಭೆಗೆ ಕೇಳಿಸಿತು. "ಈಶ್ವರಣ್ಣಾರ, ಲಕೋಟಿ ಜೋಪಾನ. ಇಲ್ಲೇ ಕುಂದ್ರಿ. ನಿಮ್ಮ ಹತ್ರ ಇದ ಬರ್ತೈತಿ."

ತರಗತಿಯಲ್ಲಿ ನಿಂತು ನಿಂತು ರೂಢಿಯಾದ ದನಿ ಬಾಯಿಗೆ ಬಂತು. ಆ ದನಿ ಇಲ್ಲಿ ಕೆಲಸಕ್ಕೆ ಬಾರದು ಎಂದು ಅವಳಿಗೆ ಗೊತ್ತಾಯಿತು. ಅದನ್ನು ಬಿಟ್ಟಳು.

"ನಮಸ್ಕಾರ್ರಿ. ನಾನು ಎಂಎ ಮೇಡಂ."

ಹಿಂದೆ ಎಲ್ಲೋ ಒಂದು ನಗು ತಪ್ಪಿ ಹಾರಿತು, ಕೂಡಲೇ ಯಾರೋ ಅದನ್ನು ಗದರಿಸಿ ಅಡಗಿಸಿದರು.

"ಯಾರು ನಕ್ಕೋರು? ಅವರನ್ನ ಬೈಬ್ಯಾಡ್ರಿ. ಇವತ್ತು ಬಸ್ ಸ್ಟ್ಯಾಂಡಿನಾಗ ಚಹಾದಂಗಡಿಯಾಂವ ನನ್ನ ಕಡಿಂದ ರೊಕ್ಕ ತಗೊಳ್ಳಲಿಲ್ಲ. ತಲೀನೂ ಎತ್ತಲಿಲ್ಲ. ಅವತ್ತು ನೀವೆಲ್ಲ ನಕ್ರಿ ಅಂತ ಈ ಊರಾಗ ಯಾರೂ ನನ್ನ ಮುಖ ನೋಡವಲ್ರಿ. ನಮ್ಮನಿಯವ್ರು ನಿಮಗ ಕೇಳಿದ್ದಾದರೂ ಏನ್ರಿ? ನಾ ಬಿದ್ರ ನಗ್ರಿ ಅಂತ. ಅವ್ರು ಬಿದ್ರು, ನೀವು ನಕ್ರಿ. ಅವ್ರ ಕಿವಿಗೆ ಕಡೀಕೆ ಬಿದ್ದದ್ದು ನಿಮ್ಮ ನಗು. ಅಳೂ ದನಿ ಕೇಳಿ ಹೋಗಿದ್ರ ಅವ್ರಿಗೆ ಸಿಟ್ಟು ಬರ್ತಿತ್ತು. ಅದಕ್ಕ ನೀವ್ಯಾಕ ತಲಿ ತಗ್ಗಿಸ್ತೀರಿ?"

ಅವಳು ಬಾಗಿಲ ಕಂಬದ ಕಡೆ ನೋಡಿದಳು.

"ಒಂದು ಕಥಿ ಅರ್ಧಕ್ಕ ನಿಂತೈತಿ. ಅದನ್ನ ಮುಗಿಸಾಕ ಬಂದೀನಿ. ಓಬಳೇಶ, ಮ್ಯಾಲ ಬಾ."

ಕಂಬದ ಬಳಿ ಓಬಳೇಶ ತಲೆ ಅಲ್ಲಾಡಿಸಿದ. "ಅಕ್ಕಾ, ನನ್ನ ಕೈಲೆ ಆಗಂಗಿಲ್ಲ."

"ಕೈಲೆ ಆಗಂಗಿಲ್ಲಂದ್ರ ಕಾಲಲೆ ಬಾರಿಸು. ಬಾ."

ಈ ಸಲ ನಗು ಎರಡು ಮೂರು ಕಡೆಯಿಂದ ಬಂತು. ಅದರ ಒತ್ತಡಕ್ಕೇ ಎನ್ನುವಂತೆ ಓಬಳೇಶ ನಡುದಾರಿಯಲ್ಲಿ ನಡೆದು ಬಂದ. ಪ್ರಾರ್ಥನೆಯ ಹಾಡಿಗೆಂದು ಕರೆಸಿದ್ದವರ ಪ್ಯಾಡು ವೇದಿಕೆಯ ಮೂಲೆಯಲ್ಲೇ ಇತ್ತು. ಅದರ ಹಿಂದೆ ಕೂತು ಕೈಗಳನ್ನು ತೊಡೆಗಳ ನಡುವೆ ಅವುಚಿಕೊಂಡ.

ಶೈಲಜಾ ಶುರು ಮಾಡಿದಳು. "ತೆಪ್ಪ ಹತ್ತಿದ್ದು ಖರೇರಿ. ಹಂಪ್ಯಾಗಲ್ಲ, ಬುಕ್ಕಸಾಗರದಾಗ, ಅವ್ರ ಗೆಳೆಯನ ಮನಿಗೆ ಊಟಕ್ಕ ಹೋದಾಗ. ಆದ್ರ ಅವ್ರು ನಿಮ್ಮ ಮುಂದ ಹೇಳಿದ್ರಲ್ಲ, 'ನಾ ಎದ್ದು ನಿಂತೆ' ಅಂತ, ಅದು ಶುದ್ಧ ಸುಳ್ಳು. ಎದ್ದು ನಿಲ್ಲೂದು ಎಲ್ಲಿಂದ ಬಂತು? ತೆಪ್ಪದಾಗ ಬೋರಲು ಬಿದ್ದು ಎರಡೂ ಕೈಲೆ ಅದರ ಅಂಚು ಹಿಡಕೊಂಡಿದ್ರು. ಈಜು ಬರಂಗಿಲ್ಲ. ಹೊಳಿದಂಡಿ ಊರಾಗ ಹುಟ್ಯಾರ, ಬಕೀಟಿನಾಗ ನೀರು ಜಾಸ್ತಿ ಇದ್ರ ಹೆದರ್ತಿದ್ರು."

ಹೆಂಗಸರ ಕಡೆಯಿಂದ ಮೊದಲ ದೊಡ್ಡ ನಗು ಎದ್ದಿತು.

"ನಮ್ಮತ್ತಿ ದೇವರನ್ನ ನೆನೆಸಾಕತ್ತಿದ್ರು ಅಂದ್ರಲ್ಲ, ಅದೂ ಸುಳ್ಳು. ಮಗನ್ನ ಬೈಯಾಕತ್ತಿದ್ರು. ನಡುನಡುವ ಉಸಿರು ತಗೊಳ್ಳಾಕ ಮಾತ್ರ ದೇವರ ಹೆಸರು. ನಾ ಆಧಾರ ಕೇಳಿದ್ದು ಖರೇ. ಎಂಎ ಮಾಡಿದ್ದು ಮತ್ಯಾಕ್ರಿ? ತೆಪ್ಪದಾಂವ ಅಂದ, 'ಅಕ್ಕಾರ, ಒಬ್ರು ಇಳೀಬೇಕು.' ನಮ್ಮತ್ತಿ ನನ್ನ ಕಡೆ ನೋಡಿದ್ರು. ನಾ ನಮ್ಮತ್ತಿ ಕಡೆ ನೋಡಿದೆ. ಇಬ್ರೂ ಎದ್ವಿ..."

ಅವಳು ನಿಲ್ಲಿಸಿದಳು. ಹೆಲ್ಮೆಟ್ಟನ್ನು ಈಶ್ವರ್ ಮುಂದೆ ಹಿಡಿದಳು.

"ಮುಂದಿಂದು ಹೆಲ್ಮೆಟ್ ತಿರುಗಿ ಬಂದ ಮ್ಯಾಲ."

ಈಶ್ವರ್ ಕ್ಯಾಮೆರಾದವನನ್ನು ಒಮ್ಮೆ ನೋಡಿ, ಲಕೋಟೆಯನ್ನು ಒಳಗೆ ಹಾಕಿ, ಹೆಲ್ಮೆಟ್ಟನ್ನು ಕೆಳಗಿನ ಸಾಲಿಗೆ ದಾಟಿಸಿದರು. ಶೈಲಜಾ ಫೋಟೊದ ಹಿಂದಿನಿಂದ ಕೆಂಪು ಕುರ್ಚಿಯನ್ನು ಎಳೆದು ತಂದಳು. ಅವಳು ಅದರಲ್ಲಿ ಕೂತಳು. ಒಂದು ಕಾಲು ಸ್ವಲ್ಪ ಕುಂಟುವ ಕುರ್ಚಿ, ಅಷ್ಟೇ.

ಮುಂದಿನದು ಅವಳಿಗೂ ಗೊತ್ತಿರಲಿಲ್ಲ. ಅವನ ಬೆರಳು ಯಾರ ಕಡೆ ತಿರುಗುತ್ತಿತ್ತೋ, ಅದು ಅವನೊಂದಿಗೇ ಹೋಗಿತ್ತು. ದಾನಿಗಳಿಗೆಂದು ಮೀಸಲಿಟ್ಟ ಸಾಲಿನಿಂದ ಇಬ್ಬರು ತಮ್ಮ ಲಕೋಟೆಗಳನ್ನು ಜೇಬಿನಲ್ಲೇ ಇಟ್ಟುಕೊಂಡು ಎದ್ದು ನಡೆದರು. ಮಲ್ಲಿಕಾರ್ಜುನ್ ಅವರ ಹಿಂದೆ ಬಾಗಿಲ ತನಕ ಹೋಗಿ, ಒಬ್ಬರೇ ವಾಪಸು ಬಂದರು. ಅವರ ಮುಖ ಕಪ್ಪಿಟ್ಟಿತ್ತು. ಹೆಲ್ಮೆಟ್ಟು ಶವದ ಹಾಗೆ ಸದ್ದಿಲ್ಲದೆ ಕೈಯಿಂದ ಕೈಗೆ ಹೋಗುತ್ತಿತ್ತು. ತಪ್ಪು ಮಾಡಿದೆನೇ ಎಂದು ಅವಳಿಗೆ ಮೊದಲ ಬಾರಿಗೆ ಅನ್ನಿಸಿತು.

"ಏ, ಜಲ್ದಿ ದಾಟಸಲೇ!" ಎಂದಿತು ಹಿಂದಿನಿಂದ ಒಂದು ಒರಟು ದನಿ.

"ಹಾಕಾಕರ ಬಿಡಪ್ಪಾ, ಜೇಬು ಹರದೈತಿ ಇಲ್ಲೆ."

"ಜೇಬು ಹರದಿಲ್ಲ, ಬಾಯಿ ಹೊಲದೈತಿ ಅದರದ್ದು!"

"ಮೇಡಂ, ಅತ್ತೀನ ನೂಕಿದ್ರೇನ್ರಿ?"

"ಏ, ಅತ್ತಿ ಮುಂದ ಕುಂತಾರಲೇ!"

ಸಾಲಿನಿಂದ ಸಾಲಿಗೆ ಗದ್ದಲ ಹೊತ್ತಿಕೊಂಡಿತು. ಹಳೆಯ ಸಂಡೂರು ಬೈಯತೊಡಗಿತು, ಶಿಳ್ಳೆ ಹೊಡೆಯಿತು. ಶೈಲಜಾ ಕಾಲ ಮೇಲೆ ಕಾಲು ಹಾಕಿದಳು. ಮುಂದಿನ ಸಾಲಿನಿಂದ ಅತ್ತೆ ಅವಳನ್ನೇ ನೋಡುತ್ತಿದ್ದಳು. ಮರುಳಸಿದ್ದಮ್ಮ ಗದ್ದವನ್ನು ಸ್ವಲ್ಪವೇ ಮೇಲೆತ್ತಿ ಕಣ್ಣಲ್ಲೇ ಕೇಳಿದಳು. ಯಾರನ್ನ?

ಆ ಮುಖವನ್ನು ನೋಡುತ್ತಿದ್ದ ಹಾಗೇ ಅವಳಿಗೆ ಉತ್ತರ ಹೊಳೆಯಿತು.

ಹೆಲ್ಮೆಟ್ಟು ಕೊನೆಯ ಸಾಲಿನಲ್ಲಿ ತಡೆದು ನಿಂತಾಗ ಅದನ್ನು ತಂದವರು ಮಲ್ಲಿಕಾರ್ಜುನ್. ಅವಳ ಕಾಲ ಬಳಿ ಇಟ್ಟು, "ಮುಗಸ್ರಿ ಇನ್ನ," ಎಂದರು. ಸಿಟ್ಟಿನಲ್ಲೇ ಇದ್ದರು. ಆದರೆ ಕೆಳಗಿಳಿಯದೆ, ಕೇಳಲು ಅಲ್ಲೇ ನಿಂತರು.

ಅವಳು ಎದ್ದಳು.

"ನಾನೂ ನಮ್ಮತ್ತೀನೂ ಎದ್ವಿ. ಒಬ್ಬರ ಮುಖ ಒಬ್ರು ನೋಡಿದ್ವಿ. ಈ ಮನಿಗೆ ಬಂದಾಗಿಂದ ನಮ್ಮಿಬ್ರಿಗೆ ಯಾವ ಮಾತಿನಾಗೂ ಕೂಡಿ ಬಂದದ್ದಿಲ್ರಿ. ನಾ ಫ್ಯಾನ್ ಹಾಕಿದ್ರ ಅವ್ರು ಆರಿಸ್ತಾರ. ಅವ್ರು ಸಾರಿಗೆ ಹುಳಿ ಹಿಂಡಿದ್ರ ನಾ ನೀರು ಹಾಕ್ತೀನಿ. ಅವತ್ತೊಂದು ದಿವಸ ಮಾತ್ರ, ಒಂದು ಮಾತೂ ಆಡದ, ಇಬ್ರ ಮನಸೂ ಒಂದಾತು. ನಮ್ಮತ್ತಿ ತಲಿ ಹಿಡಿದ್ರು. ನಾ ಕಾಲು ಹಿಡಿದೆ. ಮಗಾ ಅಂತ ಅವ್ರು ನೋಡಲಿಲ್ಲ, ಗಂಡ ಅಂತ ನಾ ನೋಡಲಿಲ್ಲ. ಎತ್ತಿ..."

ಕೈಗಳೆರಡನ್ನೂ ಬೀಸಿ ಗಾಳಿಯಲ್ಲಿ ಬಿಟ್ಟಳು.

ಅಲ್ಲಿ ಒಂದು ಸದ್ದು ಬರಬೇಕಿತ್ತು. ಬರಲಿಲ್ಲ. ಅವಳು ತಿರುಗಿ ಓಬಳೇಶನನ್ನು ನೋಡಿದಳು. ಕೋಲುಗಳು ಅವನ ಕೈಗೆ ಬಂದಿದ್ದವು, ಮೇಲೆತ್ತಿದಲ್ಲೇ ನಿಂತಿದ್ದವು. ಯಾವ ಸದ್ದಿಗಾಗಿ ಅವಳು ಕಾಯುತ್ತಿದ್ದಾಳೆಂದು ಭವನದ ಪ್ರತಿಯೊಬ್ಬರಿಗೂ ತಿಳಿಯಿತು.

"ಬಿದ್ರು, ಓಬಳೇಶ," ಎಂದಳು ಅವಳು ಮೆಲ್ಲಗೆ. "ಬಾರಿಸು."

ಡುಂ.

ಟಿಸ್.

"ನೀರಾಗ ಮುಳುಗ್ತಾ ಏಳ್ತಾ, ಕೈ ಎತ್ತಿ ಏನೋ ಒದರಾಕತ್ತಿದ್ರು. ನಮ್ಮತ್ತಿ ಬಗ್ಗಿ ಕೇಳಿದ್ರು, 'ಏನ್ ಬೇಕಲೇ ನಿನಗ?' ಅಂತ. ಅದಕ್ಕವ್ರು ಅಂದ್ರು..." ಅವಳು ಹೆಲ್ಮೆಟ್ಟನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಳು. "'ಅವ್ವಾ, ಹೆಲ್ಮೆಟ್ ತಿರುಗಿ ಬಂತೇನು?'"

ನಗು ಒಮ್ಮೆಲೇ ಬರಲಿಲ್ಲ. ಮೊದಲು ಬಂದದ್ದು ಮುಂದಿನ ಸಾಲಿನಿಂದ, ಬಾಯಿಗೆ ಸೆರಗು ಒತ್ತಿಕೊಂಡರೂ ನಿಲ್ಲದ ಒಂದು ಮುದಿ ನಗು. ಮರುಳಸಿದ್ದಮ್ಮನ ಭುಜಗಳು ಕುಲುಕುತ್ತಿದ್ದವು, ಕಣ್ಣಿಂದ ನೀರು ಇಳಿಯುತ್ತಿತ್ತು. ಅದನ್ನು ಕಂಡದ್ದೇ ಇಡೀ ಸಂಡೂರು ಎರಡು ತಿಂಗಳಿಂದ ಗಂಟಲಲ್ಲಿ ಹಿಡಿದಿಟ್ಟಿದ್ದನ್ನು ಬಿಟ್ಟುಬಿಟ್ಟಿತು. ಓಬಳೇಶ ಮುಖವನ್ನು ಪ್ಯಾಡಿನ ಮೇಲೆ ಇಟ್ಟುಬಿಟ್ಟಿದ್ದ. ಅದರಿಂದ ಏನೇನೋ ಸದ್ದುಗಳು ಹೊರಟು ಜನ ಇನ್ನಷ್ಟು ನಕ್ಕರು. ಫೋಟೊದವನು ಕ್ಯಾಮೆರಾ ಮರೆತು ನಿಂತಿದ್ದ.

ಹೊಸಪೇಟೆಯ ಬಸ್ಸು ಹೊರಡುವಾಗ ಹೊತ್ತು ಇಳಿದಿತ್ತು. ಹಣವೆಲ್ಲ ಸಮಿತಿಯ ಕೈಗೆ ಹೋಗಿ ಹೆಲ್ಮೆಟ್ಟು ಹಗುರಾಗಿತ್ತು. ಮೂವರು ಕೂರುವ ಸೀಟಿನಲ್ಲಿ ಅತ್ತೆ ಕಿಟಕಿಗೆ, ಶೈಲಜಾ ಈಚೆಗೆ, ನಡುವೆ ಅದು, ಅಂಗಾತ. ಬಸ್ ನಿಲ್ದಾಣದ ಚಹಾದವನು ಈ ಸಲ ತಲೆ ಎತ್ತಿ ದುಡ್ಡು ತೆಗೆದುಕೊಂಡಿದ್ದ. ಚಿಲ್ಲರೆಗೆ ಜಗಳವನ್ನೂ ಆಡಿದ್ದ.

ಬಸ್ಸು ಊರು ದಾಟಿತು. ಅತ್ತೆ ಕಿಟಕಿಯ ಕಡೆ ಮುಖ ಇಟ್ಟುಕೊಂಡೇ ಅಂದಳು, "ತಲಿ ನಾ ಹಿಡಿದೆ ಅಂತ ಯಾಕ ಹೇಳಿದಿ?"

"ಮತ್ತೇನ್ ಹೇಳಬೇಕಿತ್ರಿ?"

"ತಲಿ ಭಾರ ಇರ್ತೈತಿ. ನನಗ ವಯಸ್ಸಾಗೈತಿ. ನಾ ಕಾಲು ಹಿಡೀತೀನಿ, ತಲಿ ನೀ ಹಿಡಿ."

"ಆತು ಬಿಡ್ರಿ. ಮುಂದಿನ ಸಲ ಹಂಗ ಹೇಳ್ತೀನಿ."

"ಮುಂದಿನ ಸಲ ಎಲ್ಲಿ?"

ಶೈಲಜಾ ಹೆಲ್ಮೆಟ್ಟನ್ನು ಸ್ವಲ್ಪ ಒಳಗೆ ಸರಿಸಿದಳು. "ಕಂಪ್ಲಿ," ಎಂದಳು.

ಮುಂದಿನ ನಿಲ್ದಾಣದಲ್ಲಿ ಜನ ನುಗ್ಗಿದರು. ತಲೆಗೆ ಟವೆಲು ಸುತ್ತಿದವನೊಬ್ಬ ಅವರ ಸೀಟಿನ ಪಕ್ಕ ಬಂದು ನಿಂತ. "ಸ್ವಲ್ಪ ಸರೀರಿ ಅಕ್ಕಾರ. ನಡುವ ಯಾರರ ಅದಾರೇನ್ರಿ?"

"ಅದಾರ," ಎಂದಳು ಮರುಳಸಿದ್ದಮ್ಮ.

ಅವನು ಹೆಲ್ಮೆಟ್ಟನ್ನು ನೋಡಿದ, ಇಬ್ಬರನ್ನೂ ನೋಡಿದ. ಕಂಬಿ ಹಿಡಿದು ನಿಂತ. ಬಸ್ಸು ಗುಡ್ಡದ ತಿರುವಿಗೆ ಬಂದು ಒಂದು ಕಡೆಗೆ ವಾಲಿತು. ಹೆಲ್ಮೆಟ್ಟು ಜಾರುವ ಮೊದಲೇ ಆಚೆಯಿಂದ ಒಂದು, ಈಚೆಯಿಂದ ಒಂದು ಕೈ ಅದರ ಅಂಚಿಗೆ ಬಂದವು.